ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊ, ಮಾನ್‌ಮತ್ ಪಾರ್ಕಿನ ಕುದುರೆ ರೇಸು: ಮೊದಲ ಸಲ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಅಮೆರಿಕದ ನ್ಯೂ ಜೆರ್ಸಿಯ ಎಡಿಸನ್ನಿನ ನಮ್ಮ ಮನೆಗೆ ಊರಿನಿಂದ ಯಾರೇ ಬಂದರೂ ಕರೆದುಕೊಂಡು ಹೋಗುವ ಜಾಗಗಳು ಅವೇ. ಲಿಬರ್ಟಿ ಪ್ರತಿಮೆ, ನಯಾಗರ, ಬ್ರಿಜ್‌ವಾಟರಿನ ವೆಂಕಟೇಶ್ವರ ದೇವಸ್ಥಾನ, ರಾಬಿನ್ಸ್‌ವಿಲ್‌ನ ಅಕ್ಷರಧಾಮ. ಐದನೆಯದು ಅಟ್ಲಾಂಟಿಕ್ ಸಿಟಿ. ಮೊದಲ ನಾಲ್ಕರ ಫೋಟೊಗಳು ಮನೆಯವರ ವಾಟ್ಸಾಪ್ ಗುಂಪಿಗೆ ಹೋಗುತ್ತವೆ. ಐದನೆಯದರಿಂದ ಸಮುದ್ರದ ಫೋಟೊ ಮಾತ್ರ ಹೋಗುತ್ತದೆ.

ನಮ್ಮ ಮಾವನವರು ಮೈಸೂರಿನವರು. ಚಾಮುಂಡಿ ಬೆಟ್ಟದ ಬುಡದ ರೇಸ್ ಕೋರ್ಸಿಗೆ ವರ್ಷಗಟ್ಟಲೆ ಪೆನ್ಸಿಲ್ ಹಿಡಿದು ಹೋಗಿ ಬಂದವರು. ಅವರನ್ನು ಎರಡು ದಿನ ಕರೆದುಕೊಂಡು ಹೋದಾಗ ಕ್ಯಾಸಿನೊದಲ್ಲಿ ಹತ್ತು ನಿಮಿಷ ಸುಮ್ನೆ ನಿಂತು ನೋಡಿದರು. ಆಮೇಲೆ, "ಇಲ್ಲಿ ದುಡ್ಡು ಹೋಗೋದು ತಪ್ಪಲ್ಲಮ್ಮ, ಇಷ್ಟು ಬೇಗ ಹೋಗೋದು ತಪ್ಪು" ಅಂದರು. ನಾನು ಅದಕ್ಕೂ ಮೊದಲು ನಾಲ್ಕೈದು ಸಲ ಹೋಗಿದ್ದೆ. ಈ ಲೆಕ್ಕ ಮಾತ್ರ ತಲೆಗೆ ಹೊಳೆದಿರಲಿಲ್ಲ. ಈಗ ನಾನು ಯಾರಿಗೇ ದಾರಿ ಹೇಳಿದರೂ ಈ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಗಂಟೆಯ ಲೆಕ್ಕ

ಎಲ್ಲ ಆಟದಲ್ಲೂ ಮನೆಯವರ ಪಾಲು ಅಂತ ಒಂದಿರುತ್ತದೆ. ಇಲ್ಲಿ ಮನೆಯವರು ಅಂದರೆ ಆಟ ನಡೆಸುವವರು. ನೂರು ಡಾಲರ್ ಆಡಿದರೆ ಸರಾಸರಿ ಎಷ್ಟು ಅವರಿಗೆ ಉಳಿಯುತ್ತದೆ ಅನ್ನುವುದು. ಜನ ಅಷ್ಟನ್ನೇ ನೋಡುತ್ತಾರೆ. ಒಂದು ಗಂಟೆಯಲ್ಲಿ ಎಷ್ಟು ಸಲ ಆಡುತ್ತೀರಿ ಅನ್ನುವುದನ್ನು ಮರೆಯುತ್ತಾರೆ.

ಸ್ಲಾಟ್ ಯಂತ್ರದ ಗುಂಡಿಯನ್ನು ಗಂಟೆಗೆ 500 ಸಲ ಒತ್ತುವುದು ಏನೂ ಕಷ್ಟವಲ್ಲ. ಸಲಕ್ಕೆ ಒಂದು ಡಾಲರ್, ಮನೆಯವರ ಪಾಲು ಶೇಕಡಾ 9 ಅಂತ ಹಿಡಿದರೆ ಗಂಟೆಗೆ 45 ಡಾಲರ್. ರೂಲೆಟ್ ಅಂದರೆ ನಂಬರು ಬರೆದ ಚಕ್ರದಲ್ಲಿ ಚೆಂಡು ಉರುಳಿಸುವ ಆಟ. ಎರಡು ಸೊನ್ನೆಯ (0 ಮತ್ತು 00) ರೂಲೆಟ್ಟಿನಲ್ಲಿ 15 ಡಾಲರಿನಂತೆ ಗಂಟೆಗೆ 40 ಸುತ್ತು ಆಡಿದರೆ ಶೇಕಡಾ 5.26ರ ಲೆಕ್ಕದಲ್ಲಿ ಸುಮಾರು 32 ಡಾಲರ್. ಕುದುರೆ ರೇಸಿನಲ್ಲಿ ಮನೆಯವರ ಪಾಲು ಇವೆರಡಕ್ಕಿಂತ ಜಾಸ್ತಿ, ಮಾಮೂಲಿ ಬಾಜಿಗೆ ಸುಮಾರು ಶೇಕಡಾ 17. ಆದರೆ ಒಂದು ಮಧ್ಯಾಹ್ನದಲ್ಲಿ ಹತ್ತು ರೇಸು, ಒಂದೊಂದಕ್ಕೆ 5 ಡಾಲರ್. ನಾಲ್ಕೈದು ಗಂಟೆ ಕಳೆದ ಮೇಲೆ ಹೋಗುವುದು ಸರಾಸರಿ ಎಂಟೂವರೆ ಡಾಲರ್! ಸಿನಿಮಾ ಟಿಕೆಟ್ಟಿಗಿಂತ ಕಮ್ಮಿ ಅಲ್ವಾ?

ಇದು ಸರಾಸರಿ ಅಷ್ಟೇ. ಒಂದು ದಿನದಲ್ಲಿ ಏನು ಬೇಕಾದರೂ ಆಗಬಹುದು. ಆದರೂ ಮೊದಲ ದಿನ ರೇಸಿಗೆ, ರಾತ್ರಿ ಮತ್ತು ಮಾರನೆಯ ದಿನ ಅಟ್ಲಾಂಟಿಕ್ ಸಿಟಿಗೆ ಅನ್ನುವ ನನ್ನ ಯೋಜನೆ ಹುಟ್ಟಿದ್ದು ಈ ಲೆಕ್ಕದಿಂದ.

ದಿನ ಮತ್ತು ದಾರಿ

ಮೊದಲು ರೇಸಿನ ದಿನ ಗೊತ್ತು ಮಾಡಿಕೊಳ್ಳಿ, ಆಮೇಲೆ ಹೋಟೆಲು. ಕ್ಯಾಸಿನೊ ವರ್ಷವಿಡೀ ಇಪ್ಪತ್ನಾಲ್ಕು ಗಂಟೆ ತೆರೆದಿರುತ್ತದೆ. ಮಾನ್‌ಮತ್ ಪಾರ್ಕಿನಲ್ಲಿ ರೇಸು ಇರುವುದು ಮೇ ತಿಂಗಳಿಂದ ಸೆಪ್ಟೆಂಬರ್ ತನಕ, ಅದೂ ವಾರಾಂತ್ಯದ ಆಸುಪಾಸಿನಲ್ಲಿ. ಅವರ ವೆಬ್‌ಸೈಟಿನಲ್ಲಿ ಆ ವರ್ಷದ ಪಟ್ಟಿ ಇರುತ್ತದೆ. ಸಾಧ್ಯವಾದರೆ ಭಾನುವಾರ ರೇಸು ನೋಡಿ, ರಾತ್ರಿ ಅಟ್ಲಾಂಟಿಕ್ ಸಿಟಿಯಲ್ಲಿ ಉಳಿಯಿರಿ. ಶನಿವಾರದ ಬಾಡಿಗೆಗೂ ಭಾನುವಾರದ ಬಾಡಿಗೆಗೂ ಅಜಗಜಾಂತರ.

ಮ್ಯಾಪಿನಲ್ಲಿ "ಅಟ್ಲಾಂಟಿಕ್ ಸಿಟಿ ರೇಸ್ ಕೋರ್ಸ್" ಅಂತ ಹುಡುಕಿಕೊಂಡು ಹೊರಡಬೇಡಿ. ಅದು ಇದ್ದದ್ದು ಊರಿನ ಹೊರಗೆ, ಮೇಸ್ ಲ್ಯಾಂಡಿಂಗ್ ಹತ್ತಿರ. 1946ರಲ್ಲಿ ಶುರುವಾಗಿ 2015ರ ಜನವರಿಯಲ್ಲಿ ಮುಚ್ಚಿತು. ಹಾಡುಗಾರ ಫ್ರಾಂಕ್ ಸಿನಾಟ್ರಾ ಅದರ ಪಾಲುದಾರರಲ್ಲಿ ಒಬ್ಬರಾಗಿದ್ದರು. ಗಾಡಿ ಕಟ್ಟಿದ ಕುದುರೆಗಳ ಓಟಕ್ಕೆ ಹೆಸರಾಗಿದ್ದ ಫ್ರೀಹೋಲ್ಡ್ ಕೂಡ 2024ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಈಗ ಸಮುದ್ರ ತೀರದ ರೇಸು ಅಂದರೆ ಓಷನ್‌ಪೋರ್ಟಿನ ಮಾನ್‌ಮತ್ ಪಾರ್ಕು ಒಂದೇ.

ಕಾರಿನಲ್ಲಾದರೆ ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹಿಡಿದು 105ನೇ ಎಕ್ಸಿಟ್. ಸಂಜೆ ಅದೇ ರಸ್ತೆಯಲ್ಲಿ ದಕ್ಷಿಣಕ್ಕೆ ಇಳಿದು, 38ರಲ್ಲಿ ಅಟ್ಲಾಂಟಿಕ್ ಸಿಟಿ ಎಕ್ಸ್‌ಪ್ರೆಸ್‌ವೇ ಹಿಡಿಯಬೇಕು. ಎಕ್ಸಿಟ್ ನಂಬರುಗಳು ಮೈಲಿಗಲ್ಲಿನ ಲೆಕ್ಕ. ಹಾಗಾಗಿ ನಡುವೆ 67 ಮೈಲಿ, ಮುಂದೆ ಊರಿನ ತನಕ ಇನ್ನೊಂದಿಷ್ಟು. ಒಂದೂವರೆ ಗಂಟೆ ಹಿಡಿಯಿರಿ. ಬೇಸಿಗೆಯ ಶುಕ್ರವಾರ ಸಂಜೆ ಮಾತ್ರ ಈ ರಸ್ತೆಯ ಸಹವಾಸವೇ ಬೇಡ.

ಕಾರಿಲ್ಲದವರಿಗೆ ರೇಸಿನ ದಿನಗಳಲ್ಲಿ ನಾರ್ತ್ ಜೆರ್ಸಿ ಕೋಸ್ಟ್ ರೈಲು ಮಾನ್‌ಮತ್ ಪಾರ್ಕಿನಲ್ಲೇ ನಿಲ್ಲುತ್ತದೆ. ಆದರೆ ಅಲ್ಲಿಂದ ಅಟ್ಲಾಂಟಿಕ್ ಸಿಟಿಗೆ ನೇರ ರೈಲಿಲ್ಲ. ಅಟ್ಲಾಂಟಿಕ್ ಸಿಟಿಗೆ ಹೋಗುವ ರೈಲು ಫಿಲಡೆಲ್ಫಿಯಾದ 30ನೇ ಬೀದಿ ಸ್ಟೇಷನ್ನಿನಿಂದ ಹೊರಡುತ್ತದೆ. ನ್ಯೂಯಾರ್ಕಿನ ಪೋರ್ಟ್ ಅಥಾರಿಟಿಯಿಂದ 319 ನಂಬರ್ ಬಸ್ಸು ಇದೆ. ಕಾರಿಲ್ಲದಿದ್ದರೆ ಎರಡನ್ನೂ ಒಂದೇ ಪ್ರವಾಸಕ್ಕೆ ಕಟ್ಟಬೇಡಿ.

ದುಡ್ಡಿನ ಲಕೋಟೆ

ಮನೆ ಬಿಡುವ ಮುಂಚೆ ಆಟಕ್ಕೆ ಅಂತ ಇಟ್ಟ ದುಡ್ಡನ್ನು ಒಬ್ಬೊಬ್ಬರಿಗೆ ಒಂದೊಂದು ಲಕೋಟೆಯಲ್ಲಿ ಹಾಕಿ. ಅದರ ಮೇಲೆ ಹೆಸರು ಬರೆಯಿರಿ. ಊಟ, ಬಾಡಿಗೆ, ಪಾರ್ಕಿಂಗ್ ದುಡ್ಡು ಬೇರೆ ಇರಲಿ. ಲಕೋಟೆ ಖಾಲಿಯಾದರೆ ಅವರು ಸಮುದ್ರದ ಕಡೆಗೆ ನಡೆಯಬೇಕು, ಇನ್ನೊಬ್ಬರ ಲಕೋಟೆಗೆ ಕೈ ಹಾಕುವ ಹಾಗಿಲ್ಲ. ಗಂಡ ಹೆಂಡತಿಗೂ ಇದೇ ನಿಯಮ! ಕ್ಯಾಸಿನೊದ ಒಳಗಿನ ಎಟಿಎಂ ಒಂದೊಂದು ಸಲಕ್ಕೂ ದುಬಾರಿ ಶುಲ್ಕ ಕೀಳುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ನಗದು ತೆಗೆದರೆ ಬಡ್ಡಿ ಅವತ್ತಿನಿಂದಲೇ ಶುರು. ಡೆಬಿಟ್ ಕಾರ್ಡನ್ನು ರೂಮಿನ ತಿಜೋರಿಯಲ್ಲೇ ಬಿಟ್ಟು ಇಳಿಯಿರಿ.

ರೇಸಿನ ಮಧ್ಯಾಹ್ನ

ನನಗೆ ಇಡೀ ಪ್ರವಾಸದಲ್ಲಿ ಇಷ್ಟವಾದದ್ದು ಇದು. ಮರಗಳ ನೆರಳು, ಹುಲ್ಲು, ಮಕ್ಕಳು. ಪಿಕ್ನಿಕ್ ಮೇಜುಗಳಿರುವ ಕಡೆ ಮನೆಯಿಂದ ತಂದ ಊಟ ತಿನ್ನಬಹುದು. ನಾವು ಪುಳಿಯೋಗರೆ, ಮೊಸರನ್ನ, ಚಕ್ಕುಲಿ ಕಟ್ಟಿಕೊಂಡು ಹೋಗಿದ್ದೆವು. ಜುಲೈನಲ್ಲಿ ಬರುವ ಹ್ಯಾಸ್ಕೆಲ್ ರೇಸಿನ ದಿನ ಮಾತ್ರ ಜನಸಾಗರ. 2015ರಲ್ಲಿ ಅಮೆರಿಕನ್ ಫರೋ ಅನ್ನುವ ಕುದುರೆ ಓಡಿದ ದಿನ 60,983 ಜನ ಸೇರಿದ್ದರು. ಮೊದಲ ಸಲ ಹೋಗುವವರು ಆ ದಿನ ಬಿಟ್ಟು ಬೇರೆ ದಿನ ಹೋಗಿ.

ಒಳಗೆ ಹೋದ ತಕ್ಷಣ ಪ್ರೋಗ್ರಾಮ್ ಪುಸ್ತಕ ಕೊಳ್ಳಿ. ಬೆಂಗಳೂರು, ಮೈಸೂರು ರೇಸು ನೋಡಿದವರಿಗೆ ಅದು ಅರ್ಧ ಅರ್ಥವಾಗುತ್ತದೆ. ಉಳಿದರ್ಧ ಗಲಿಬಿಲಿ ಮಾಡುತ್ತದೆ. ಮಾವನವರು ಎಡವಿದ್ದು ಮೂರು ಕಡೆ.

ಒಂದು, ನಮ್ಮಲ್ಲಿ ಹುಲ್ಲಿನ ಮೇಲೆ ಓಟ. ಇಲ್ಲಿ ಮುಖ್ಯ ಟ್ರ್ಯಾಕು ಮಣ್ಣಿನದು, ಒಂದು ಮೈಲಿ ಸುತ್ತು. ಹುಲ್ಲಿನ ಟ್ರ್ಯಾಕು ಅದರ ಒಳಗಿದೆ. ಮಳೆ ಬಂದರೆ ಹುಲ್ಲಿನ ರೇಸನ್ನು ಮಣ್ಣಿಗೆ ಬದಲಾಯಿಸುತ್ತಾರೆ, ಎಷ್ಟೋ ಕುದುರೆಗಳು ಹಿಂದೆ ಸರಿಯುತ್ತವೆ. ಬೆಳಿಗ್ಗೆ ಹಾಕಿಕೊಂಡ ಲೆಕ್ಕ ಆಗ ಕೆಲಸಕ್ಕೆ ಬರುವುದಿಲ್ಲ.

ಎರಡು, "ಕ್ಲೇಮಿಂಗ್" ರೇಸು. ಆ ರೇಸಿನಲ್ಲಿ ಓಡುವ ಪ್ರತಿ ಕುದುರೆಗೂ ಒಂದು ಬೆಲೆ ಬರೆದಿರುತ್ತದೆ. ಲೈಸೆನ್ಸ್ ಇರುವ ಯಾವ ಮಾಲೀಕರೂ ರೇಸಿಗೆ ಮುಂಚೆ ಚೀಟಿ ಹಾಕಿ ಆ ಬೆಲೆಗೆ ಕೊಳ್ಳಬಹುದು. ಒಳ್ಳೆಯ ಕುದುರೆಯನ್ನು ಸುಲಭದ ರೇಸಿಗೆ ನುಗ್ಗಿಸಿ ಬಹುಮಾನ ಹೊಡೆಯೋಣ ಅಂದರೆ ಕುದುರೆಯೇ ಕೈಬಿಟ್ಟು ಹೋಗಬಹುದು. "ಇದು ಭಲೇ ಏರ್ಪಾಡು" ಅಂತ ಮಾವನವರು ತಲೆದೂಗಿದರು.

ಮೂರನೆಯದು ದುಡ್ಡಿಗೆ ಸಂಬಂಧಿಸಿದ್ದು, ಸರಿಯಾಗಿ ನೆನಪಿಡಿ. ನಮ್ಮಲ್ಲಿ "ಪ್ಲೇಸ್" ಅಂದರೆ ತುಂಬಿದ ರೇಸಿನಲ್ಲಿ ಮೂರನೆಯ ಸ್ಥಾನದವರೆಗೂ ದುಡ್ಡು ಬರುತ್ತದೆ. ಅಮೆರಿಕದಲ್ಲಿ "ಪ್ಲೇಸ್" ಅಂದರೆ ಮೊದಲ ಎರಡು ಮಾತ್ರ. ಮೂರನೆಯದಕ್ಕೂ ದುಡ್ಡು ಬೇಕಾದರೆ "ಶೋ" ಅಂತ ಕೇಳಬೇಕು. ಮಾವನವರ ಮೊದಲ ಕುದುರೆ ಮೂರನೆಯದಾಗಿ ಬಂತು. ಚೀಟಿ ಹಿಡಿದು ಖುಷಿಯಿಂದ ಕಿಟಕಿಗೆ ಹೋದರು, ಸಪ್ಪೆ ಮುಖ ಮಾಡಿಕೊಂಡು ಬಂದರು. ಮೊದಲ ಮೂರು ಕುದುರೆಗಳನ್ನು ಕ್ರಮವಾಗಿ ಹೇಳುವ ನಮ್ಮ "ಟನಾಲಾ"ಕ್ಕೆ ಇಲ್ಲಿ ಟ್ರೈಫೆಕ್ಟಾ ಅನ್ನುತ್ತಾರೆ. ಮೊದಲ ಎರಡನ್ನು ಕ್ರಮವಾಗಿ ಹೇಳಿದರೆ ಎಕ್ಸಾಕ್ಟಾ. ಇಂಥ ಬಾಜಿಗಳಲ್ಲಿ ಟ್ರ್ಯಾಕಿನವರ ಪಾಲು ಇನ್ನೂ ಜಾಸ್ತಿ. ಮೊದಲ ದಿನ ವಿನ್ ಮತ್ತು ಶೋ ಸಾಕು.

ಕಿಟಕಿಯಲ್ಲಿ ಹೇಳುವುದಕ್ಕೂ ಒಂದು ಕ್ರಮ ಇದೆ: ಟ್ರ್ಯಾಕಿನ ಹೆಸರು, ರೇಸಿನ ನಂಬರು, ಎಷ್ಟು ದುಡ್ಡು, ಯಾವ ಬಾಜಿ, ಕುದುರೆಯ ನಂಬರು. "ಮಾನ್‌ಮತ್, ರೇಸ್ ಮೂರು, ಎರಡು ಡಾಲರ್, ಶೋ, ನಂಬರ್ ಐದು." ಕುದುರೆಯ ಹೆಸರು ಹೇಳಬೇಡಿ. ಅದೇ ಕಿಟಕಿಯಲ್ಲಿ ಬೇರೆ ಊರುಗಳ ರೇಸಿಗೂ ದುಡ್ಡು ಕಟ್ಟುತ್ತಾರೆ, ಅದಕ್ಕೇ ಟ್ರ್ಯಾಕಿನ ಹೆಸರು ಮೊದಲು. ಕಿಟಕಿ ಬಿಡುವ ಮುಂಚೆ ಚೀಟಿ ಓದಿ. ಬಾಗಿಲು ತೆರೆದು ಕುದುರೆಗಳು ಓಡಿದ ಮೇಲೆ ತಿದ್ದುವ ಹಾಗಿಲ್ಲ.

ಪರದೆಯ ಮೇಲೆ 5-2 ಅಂತ ಇದ್ದರೆ ಎರಡು ಡಾಲರಿಗೆ ಐದು ಲಾಭ, ಕೈಗೆ ಒಟ್ಟು ಏಳು. ಆದರೆ ಇದು ಟೋಟ್ ಪದ್ಧತಿ. ಎಲ್ಲರ ದುಡ್ಡು ಒಂದು ಗುಂಡಿಗೆ ಬಿದ್ದು, ಟ್ರ್ಯಾಕಿನ ಪಾಲು ಕಳೆದು, ಉಳಿದದ್ದು ಗೆದ್ದವರಿಗೆ. ನೀವು ಕಟ್ಟುವಾಗ ಇದ್ದ ದರ ಓಟ ಶುರುವಾಗುವ ಹೊತ್ತಿಗೆ ಇಳಿದಿರಬಹುದು. ಯಾರೂ ಮೋಸ ಮಾಡಿಲ್ಲ, ಕೊನೆ ಗಳಿಗೆಯಲ್ಲಿ ದುಡ್ಡು ಬಂದು ಬಿದ್ದಿದೆ ಅಷ್ಟೇ.

ಎರಡು ರೇಸುಗಳ ನಡುವೆ ಸುಮಾರು ಅರ್ಧ ಗಂಟೆ ಸಿಗುತ್ತದೆ. ಆಗ ಪ್ಯಾಡಕ್‌ಗೆ ಹೋಗಿ. ಮುಂದಿನ ರೇಸಿನ ಕುದುರೆಗಳನ್ನು ಅಲ್ಲಿ ನಡೆಸುತ್ತಾರೆ. ಬೆನ್ನಿನ ಬಟ್ಟೆಯ ಬಣ್ಣ ಕಲಿತುಕೊಂಡರೆ ದೂರದಿಂದಲೂ ನಿಮ್ಮ ಕುದುರೆ ಗುರುತಾಗುತ್ತದೆ: ಒಂದು ಕೆಂಪು, ಎರಡು ಬಿಳಿ, ಮೂರು ನೀಲಿ, ನಾಲ್ಕು ಹಳದಿ, ಐದು ಹಸಿರು, ಆರು ಕಪ್ಪು. ನಮ್ಮ ಮಗಳಿಗೆ ಇದು ಐದೇ ನಿಮಿಷದಲ್ಲಿ ಬಾಯಿಪಾಠ. ಮಕ್ಕಳು ಒಳಗೆ ಬರಬಹುದು, ಬಾಜಿ ಕಟ್ಟಲು 18 ಆಗಿರಬೇಕು. ಕ್ರಿಕೆಟ್, ಫುಟ್‌ಬಾಲ್ ಬಾಜಿಯ ಕೌಂಟರೂ ಅಲ್ಲೇ ಇದೆ, ಅದಕ್ಕೆ 21. ನ್ಯೂ ಜೆರ್ಸಿಯಲ್ಲಿ ಅದು ಕಾನೂನುಬದ್ಧವಾಗಿ ಶುರುವಾಗಿದ್ದೇ 2018ರ ಜೂನ್ 14ರಂದು, ಈ ಟ್ರ್ಯಾಕಿನಲ್ಲಿ ಮತ್ತು ಅಟ್ಲಾಂಟಿಕ್ ಸಿಟಿಯ ಬೊರ್ಗಾಟಾದಲ್ಲಿ.

ಫಲಿತಾಂಶಕ್ಕೆ "ಅಫಿಶಿಯಲ್" ಅಂತ ಬರುವ ತನಕ ಯಾವ ಚೀಟಿಯನ್ನೂ ಹರಿಯಬೇಡಿ. ದಾರಿಗೆ ಅಡ್ಡ ಬಂದಿದ್ದಕ್ಕೆ ಗೆದ್ದ ಕುದುರೆಯನ್ನು ಹಿಂದಕ್ಕೆ ತಳ್ಳುವುದುಂಟು.

ಎಲ್ಲಿ ಉಳಿಯುವುದು

ಅಟ್ಲಾಂಟಿಕ್ ಸಿಟಿಯಲ್ಲಿ ಒಂಬತ್ತು ಕ್ಯಾಸಿನೊಗಳಿವೆ. ಸಮುದ್ರದ ಪಕ್ಕದ ಮರದ ಹಾದಿ, ಅಂದರೆ ಬೋರ್ಡ್‌ವಾಕ್ ಮೇಲೆ ಆರು: ಓಷನ್, ಹಾರ್ಡ್ ರಾಕ್, ರಿಸಾರ್ಟ್ಸ್, ಬ್ಯಾಲೀಸ್, ಸೀಸರ್ಸ್, ಟ್ರಾಪಿಕಾನಾ. ಉಳಿದ ಮೂರು, ಬೊರ್ಗಾಟಾ, ಹ್ಯಾರಾಸ್, ಗೋಲ್ಡನ್ ನಗೆಟ್, ಹಿಂದುಗಡೆಯ ಮರೀನಾ ಬದಿಯಲ್ಲಿವೆ. ಅಲ್ಲಿಂದ ಬೀಚಿಗೆ ನಡೆದು ಹೋಗಲು ಆಗುವುದಿಲ್ಲ. ಜಿಟ್ನಿ ಅನ್ನುವ ಪುಟ್ಟ ಬಸ್ಸು ಹಿಡಿಯಬೇಕು. ಹಿರಿಯರು ಜೊತೆಗಿದ್ದರೆ ಬೋರ್ಡ್‌ವಾಕ್ ಮೇಲೇ ಉಳಿಯಿರಿ. ಬೆಳಗಿನ ವಾಕಿಂಗಿಗೆ ಲಿಫ್ಟ್ ಇಳಿದರೆ ಸಾಕು.

ಈ ಕಟ್ಟಡಗಳ ಕಥೆ ಗೊತ್ತಿದ್ದರೆ ಒಳಗಿನ ಝಗಮಗ ಬೇರೆ ಥರ ಕಾಣುತ್ತದೆ. 1976ರಲ್ಲಿ ರಾಜ್ಯದ ಜನ ವೋಟು ಹಾಕಿ ಈ ಒಂದೇ ಊರಿಗೆ ಕ್ಯಾಸಿನೊ ಒಪ್ಪಿದರು. 1978ರ ಮೇ 26ರಂದು ರಿಸಾರ್ಟ್ಸ್ ತೆರೆಯಿತು. ಮೂವತ್ತಾರು ವರ್ಷದ ನಂತರ, 2014 ಒಂದೇ ವರ್ಷದಲ್ಲಿ ನಾಲ್ಕು ಕ್ಯಾಸಿನೊ ಮುಚ್ಚಿದವು. ಅದರಲ್ಲಿ ರೆವೆಲ್ ಅನ್ನುವುದು ಸುಮಾರು 240 ಕೋಟಿ ಡಾಲರ್ ಸುರಿದು ಕಟ್ಟಿದ್ದು, ಎರಡೂವರೆ ವರ್ಷವೂ ನಡೆಯಲಿಲ್ಲ. ಅದೇ ಈಗಿನ ಓಷನ್. 1990ರಲ್ಲಿ ಟ್ರಂಪ್ ತೆರೆದ ತಾಜ್ ಮಹಲ್ 2016ರಲ್ಲಿ ಮುಚ್ಚಿ, 2018ರಲ್ಲಿ ಹಾರ್ಡ್ ರಾಕ್ ಆಯಿತು. ಮನೆಯವರ ಪಾಲು ಇಟ್ಟುಕೊಂಡವರೂ ಇಲ್ಲಿ ದಿವಾಳಿ ಎದ್ದಿದ್ದಾರೆ.

ರೂಮಿನ ಬೆಲೆ ನೋಡುವಾಗ "ರಿಸಾರ್ಟ್ ಶುಲ್ಕ" ಮತ್ತು ತೆರಿಗೆ ಸೇರಿಸಿದ ಒಟ್ಟು ಮೊತ್ತ ನೋಡಿ. ಒಂದು ಸಲ ಸೋಮವಾರದ ಅಗ್ಗದ ರೂಮು ಅಂತ ಹಿಗ್ಗಿದ್ದೆ. ಬಿಲ್ಲು ಬಂದಾಗ ಶುಲ್ಕ, ತೆರಿಗೆ, ಪಾರ್ಕಿಂಗ್ ಸೇರಿ ದುಪ್ಪಟ್ಟಾಗಿತ್ತು. ಗೋವಾದ ಹಡಗಿನ ಕ್ಯಾಸಿನೊಗಳಲ್ಲಿ ಒಳಗೆ ಹೋಗಲು ಪ್ರವೇಶ ಶುಲ್ಕ ಇರುತ್ತದೆ, ಇಲ್ಲಿ ಇಲ್ಲ. ಹಾಗಂತ ಊಟ ಪುಕ್ಕಟೆ ಅಲ್ಲ.

ಕ್ಯಾಸಿನೊದ ಫ್ಲೋರಿನಲ್ಲಿ

ವಯಸ್ಸು 21 ತುಂಬಿರಬೇಕು. ಬಿಳಿ ಕೂದಲಿನವರನ್ನೂ ಗುರುತಿನ ಚೀಟಿ ಕೇಳಬಹುದು. ಊರಿನಿಂದ ಬಂದವರು ಪಾಸ್‌ಪೋರ್ಟನ್ನೇ ಇಟ್ಟುಕೊಳ್ಳಲಿ, ಫೋನಿನಲ್ಲಿರುವ ಫೋಟೊ ನಡೆಯುವುದಿಲ್ಲ. ಒಳಗೆ ಒಂದು ಭಾಗದಲ್ಲಿ ಸಿಗರೇಟು ಸೇದಲು ಬಿಡುತ್ತಾರೆ. ಉಬ್ಬಸ ಇರುವವರಿಗೆ ಮೊದಲೇ ಹೇಳಿ. ಆಡಿದ್ದಕ್ಕೆ ಪಾಯಿಂಟ್ ಕೂಡಿಸುವ ಸದಸ್ಯತ್ವದ ಕಾರ್ಡು ಪುಕ್ಕಟೆ ಕೊಡುತ್ತಾರೆ, ಮಾಡಿಸಿಕೊಳ್ಳಿ. ಆದರೆ ಅದರ ಪಾಯಿಂಟಿನ ಆಸೆಗೆ ಒಂದು ಸುತ್ತೂ ಜಾಸ್ತಿ ಆಡಬೇಡಿ.

ಟೇಬಲ್ಲಿಗೆ ಕೂರುವ ಮುಂಚೆ ಅಲ್ಲಿಟ್ಟ ಫಲಕ ಓದಿ. ಕನಿಷ್ಠ ಬಾಜಿ ಎಷ್ಟು ಅಂತ ಅದರಲ್ಲಿರುತ್ತದೆ. ವಾರದ ದಿನ ಬೆಳಿಗ್ಗೆ ಕಮ್ಮಿ, ಶನಿವಾರ ರಾತ್ರಿ ಜಾಸ್ತಿ. ಒಂದು ಸುತ್ತು ಮುಗಿಯುವ ತನಕ ಕಾದು, ನೋಟನ್ನು ಟೇಬಲ್ ಮೇಲೆ ಇಡಿ. ನಮಗೆ ಬಲಗೈಯಲ್ಲಿ ಕೈಗೇ ಕೊಡುವ ಅಭ್ಯಾಸ. ಇಲ್ಲಿ ಟೇಬಲ್ಲಿನ ಆಟ ನಡೆಸುವ ಡೀಲರ್ ಕೈಯಿಂದ ಕೈಗೆ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ, ಮೇಲಿನ ಕ್ಯಾಮೆರಾಕ್ಕೆ ಎಲ್ಲ ಕಾಣಬೇಕು. ನೋಟಿಗೆ ಬದಲಾಗಿ ಕೊಡುವ ಬಿಲ್ಲೆಗಳಲ್ಲಿ, ಅಂದರೆ ಚಿಪ್ಪುಗಳಲ್ಲಿ, ಕೆಂಪು 5 ಡಾಲರ್, ಹಸಿರು 25, ಕಪ್ಪು 100.

ಬ್ಲ್ಯಾಕ್‌ಜಾಕ್ ಅಂದರೆ ಎಲೆಗಳ ಮೊತ್ತ 21 ದಾಟದೆ ಅದರ ಹತ್ತಿರ ಹೋಗುವ ಆಟ. ಅದರಲ್ಲಿ ಇಸ್ಪೀಟೆಲೆ ಮುಟ್ಟಬೇಡಿ. ಇನ್ನೊಂದು ಎಲೆ ಬೇಕಾದರೆ ಬೆರಳಿನಿಂದ ಟೇಬಲ್ ತಟ್ಟಿ, ಸಾಕಾದರೆ ಅಂಗೈ ಅಡ್ಡ ಆಡಿಸಿ. ಮೊದಲ ಎರಡು ಎಲೆಗೇ 21 ಬಂದರೆ ಕೊಡುವ ದರ ಫಲಕದಲ್ಲಿ "3ಕ್ಕೆ 2" ಅಂತಿದ್ದರೆ ಕೂರಿ. "6ಕ್ಕೆ 5" ಇದ್ದರೆ ಎದ್ದು ಬನ್ನಿ, ಅದೊಂದೇ ವ್ಯತ್ಯಾಸದಿಂದ ಮನೆಯವರ ಪಾಲು ಶೇಕಡಾ 1.4ರಷ್ಟು ಏರುತ್ತದೆ. ಯಾವಾಗ ತಟ್ಟಬೇಕು, ಯಾವಾಗ ನಿಲ್ಲಬೇಕು ಅನ್ನುವ ಪುಟ್ಟ ಕೋಷ್ಟಕ ಗಿಫ್ಟ್ ಅಂಗಡಿಯಲ್ಲೇ ಸಿಗುತ್ತದೆ. ಅದನ್ನು ನೋಡಿಕೊಂಡು ಆಡಿದರೆ ಮನೆಯವರ ಪಾಲು ಶೇಕಡಾ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ.

ರೂಲೆಟ್ಟಿನಲ್ಲಿ ಇಲ್ಲಿ ಒಂದು ಒಳ್ಳೆಯ ನಿಯಮ ಇದೆ. ಕೆಂಪು-ಕಪ್ಪು, ಸರಿ-ಬೆಸ ಥರದ ಬಾಜಿಯಲ್ಲಿ ಚೆಂಡು ಸೊನ್ನೆಗೆ ಬಿದ್ದರೆ ಅರ್ಧ ದುಡ್ಡು ಮಾತ್ರ ಹೋಗುತ್ತದೆ. ಶೇಕಡಾ 5.26 ಇದ್ದದ್ದು 2.63ಕ್ಕೆ ಇಳಿಯಿತು. ನಂಬರುಗಳ ಮೇಲೆ ಇಟ್ಟರೆ ಈ ರಿಯಾಯಿತಿ ಇಲ್ಲ. ಇನ್ನೊಂದು ವಿಷಯ: ರೂಲೆಟ್ಟಿನ ಬಣ್ಣದ ಚಿಪ್ಪು ಆ ಟೇಬಲ್ಲಿಗೆ ಮಾತ್ರ. ನಮ್ಮ ಅತ್ತೆ ಒಂದು ಹಿಡಿ ಗುಲಾಬಿ ಚಿಪ್ಪನ್ನು ಸೆರಗಿಗೆ ಕಟ್ಟಿಕೊಂಡು ಕ್ಯಾಷಿಯರ್ ಹತ್ತಿರ ಹೋಗಿದ್ದರು. ಅವರು ನಕ್ಕು ವಾಪಸ್ ಕಳಿಸಿದರು. ಏಳುವ ಮುಂಚೆ ಡೀಲರಿಗೇ ಕೊಟ್ಟು ಮಾಮೂಲಿ ಚಿಪ್ಪು ಪಡೆಯಿರಿ.

ಸ್ಲಾಟ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ನಿಧಾನವಾಗಿ ಒತ್ತಿ. ಆಡುವವರಿಗೆ ಪಾನೀಯ ಪುಕ್ಕಟೆ, ತಂದವರಿಗೆ ಒಂದೆರಡು ಡಾಲರ್ ಭಕ್ಷೀಸು ಕೊಡಿ. ಜ್ಯೂಸು, ಕಾಫಿಯೂ ಕೇಳಬಹುದು.

ಅಕಸ್ಮಾತ್ ಗೆದ್ದರೆ

ಸ್ಲಾಟಿನಲ್ಲಿ ಒಂದೇ ಏಟಿಗೆ ದೊಡ್ಡ ಮೊತ್ತ ಬಂದರೆ ಯಂತ್ರ ನಿಂತುಬಿಡುತ್ತದೆ, ಸಿಬ್ಬಂದಿ ತೆರಿಗೆಯ ಕಾಗದ ತರುತ್ತಾರೆ. ಈ ಮಿತಿ ಬಹಳ ವರ್ಷ 1,200 ಡಾಲರ್ ಇತ್ತು, 2026ರಿಂದ 2,000. ಊರಿನಿಂದ ಪ್ರವಾಸಕ್ಕೆ ಬಂದವರು ಗೆದ್ದರೆ ಶೇಕಡಾ 30 ಅಲ್ಲೇ ಹಿಡಿದುಕೊಳ್ಳುತ್ತಾರೆ. ಬ್ಲ್ಯಾಕ್‌ಜಾಕ್, ರೂಲೆಟ್, ಬ್ಯಾಕರಾ (ಇನ್ನೊಂದು ಇಸ್ಪೀಟು ಆಟ), ಕ್ರ್ಯಾಪ್ಸ್ (ದಾಳದ ಆಟ) ಗೆಲುವಿಗೆ ಅವರಿಗೆ ಈ ಕಡಿತ ಇಲ್ಲ. "ಅಮ್ಮ ಒತ್ತಿದ್ದು, ಆದರೆ ನನ್ನ ಹೆಸರಿಗೆ ಬರೆಯಿರಿ" ಅನ್ನುವ ಜಾಣತನ ಬೇಡ. ಗುಂಡಿ ಒತ್ತಿದ್ದು ಯಾರು ಅಂತ ಕ್ಯಾಮೆರಾದಲ್ಲಿ ಇರುತ್ತದೆ.

ಹೊರಗಿನ ಊರು

ಬೆಳಿಗ್ಗೆ ಬೇಗ ಎದ್ದು ಬೋರ್ಡ್‌ವಾಕ್‌ಗೆ ಬನ್ನಿ. 1870ರಲ್ಲಿ ಇದನ್ನು ಹಾಕಿದ್ದು ಅಲಂಕಾರಕ್ಕಲ್ಲ. ಬೀಚಿಗೆ ಹೋದವರ ಕಾಲಿನ ಮರಳು ಹೋಟೆಲುಗಳಿಗೆ, ರೈಲು ಡಬ್ಬಿಗಳಿಗೆ ತುಂಬುತ್ತಿತ್ತು. ಅದರ ಕಾಟ ತಪ್ಪಿಸಲು ಹಲಗೆ ಹಾಸಿದರು. ಇಲ್ಲಿ ಬೀಚು ಪುಕ್ಕಟೆ. ಈ ತೀರದ ಬೇರೆ ಎಷ್ಟೋ ಊರುಗಳಲ್ಲಿ ಬೇಸಿಗೆಯಲ್ಲಿ ಬ್ಯಾಡ್ಜ್ ಕೊಳ್ಳಬೇಕು. ನಾವು ಚಿಕ್ಕಂದಿನಲ್ಲಿ ಆಡುತ್ತಿದ್ದ ಬಿಸಿನೆಸ್ ಆಟದ ಮೂಲ ಮೊನೊಪಲಿ. ಅದರ ಬೀದಿಗಳು ಹೆಚ್ಚುಕಮ್ಮಿ ಎಲ್ಲ ಈ ಊರಿನವು. ಬಾಲ್ಟಿಕ್, ಪಾರ್ಕ್ ಪ್ಲೇಸ್ ಫಲಕಗಳ ಕೆಳಗೆ ಮಕ್ಕಳ ಫೋಟೊ ತೆಗೆಯಿರಿ. ಹಿಂದಿನ ಪೆಸಿಫಿಕ್ ಅವೆನ್ಯೂದಲ್ಲಿ "ಚಿನ್ನ ಕೊಳ್ಳುತ್ತೇವೆ" ಅನ್ನುವ ಗಿರವಿ ಅಂಗಡಿಗಳೂ ಕಾಣುತ್ತವೆ. ಅತ್ತೆ ಅದನ್ನು ನೋಡಿದ್ದೇ ಬಳೆ ಮುಟ್ಟಿ ನೋಡಿಕೊಂಡರು. ರಾತ್ರಿ ಆ ಬೀದಿಗಳಲ್ಲಿ ನಡೆಯುವುದಕ್ಕಿಂತ ಜಿಟ್ನಿ ಅಥವಾ ಟ್ಯಾಕ್ಸಿ ವಾಸಿ.

ಕಾಲಿಗೆ ಶಕ್ತಿ ಇದ್ದವರು ಆಬ್ಸೀಕನ್ ದೀಪಸ್ತಂಭದ 228 ಮೆಟ್ಟಿಲು ಹತ್ತಬಹುದು. ಪಕ್ಕದ ಮಾರ್ಗೇಟಿನಲ್ಲಿ 1881ರಲ್ಲಿ ಕಟ್ಟಿದ ಆರು ಅಂತಸ್ತಿನ ಆನೆ ಇದೆ, ಹೆಸರು ಲೂಸಿ. ಕಟ್ಟಡವೇ ಆನೆ! ದಸರಾ ಆನೆ ನೋಡಿ ಬೆಳೆದ ಮಾವನವರು ಅದರ ಹೊಟ್ಟೆಯೊಳಗೆ ಹೋಗಿ ಬಂದು, "ಇದಕ್ಕೆ ಅಂಬಾರಿ ಸಾಲದು" ಅಂದರು.

ಹೊರಡುವ ಮುಂಚೆ

ಲಕೋಟೆ ಮುಗಿದ ಮೇಲೂ ಯಾರಾದರೂ ಸಾಲ ಕೇಳುತ್ತಿದ್ದರೆ, ಕಳೆದದ್ದು ಎಷ್ಟು ಅಂತ ಸುಳ್ಳು ಹೇಳುತ್ತಿದ್ದರೆ ಅದನ್ನು ತಮಾಷೆ ಮಾಡಿ ತೇಲಿಸಬೇಡಿ. 1-800-ಗ್ಯಾಂಬ್ಲರ್ ಅನ್ನುವ ಸಹಾಯವಾಣಿ ಹಗಲು ರಾತ್ರಿ ಇದೆ, ಹೆಸರು ಹೇಳಬೇಕಿಲ್ಲ. ತಮ್ಮನ್ನು ಒಳಗೆ ಬಿಡಬೇಡಿ ಅಂತ ಕ್ಯಾಸಿನೊಗಳ ಪಟ್ಟಿಗೆ ತಾವೇ ಹೆಸರು ಬರೆಸಿಕೊಳ್ಳುವ ವ್ಯವಸ್ಥೆಯೂ ಈ ರಾಜ್ಯದಲ್ಲಿದೆ.

ಕೊನೆಯದಾಗಿ ಎಲ್ಲರ ಜೇಬು, ಪರ್ಸು ತಡಕಿ. ಸ್ಲಾಟ್ ಯಂತ್ರ ದುಡ್ಡು ಕೊಡುವುದಿಲ್ಲ, ಚೀಟಿ ಕೊಡುತ್ತದೆ. ಅದನ್ನು ಅಲ್ಲೇ ಬದಲಾಯಿಸಬೇಕು, ಅದಕ್ಕೂ ವಾಯಿದೆ ಇದೆ. ಅತ್ತೆಯ ಕೈಚೀಲದಲ್ಲಿ ಕುಂಕುಮದ ಡಬ್ಬಿಯ ಕೆಳಗೆ ಏಳು ಡಾಲರಿನ ಚೀಟಿ ಸಿಕ್ಕಿದ್ದು ನಾವು ಎಡಿಸನ್ ತಲುಪಿದ ಮೇಲೆ. ಅದನ್ನು ಅವರು ಮೈಸೂರಿಗೆ ತೆಗೆದುಕೊಂಡು ಹೋಗಿದ್ದಾರೆ.